ಅತ್ತೆಯ ಮರೆವು, ಸೊಸೆಯ ನಿದ್ದೆ

ಪ್ರಶ್ನೆ: ನನಗೆ 47 ವರ್ಷ. ಶಿವಮೊಗ್ಗದಲ್ಲಿದ್ದೇವೆ. ಅತ್ತೆಗೆ 79. ಮಾವ ಹೈಸ್ಕೂಲು ಹೆಡ್‌ಮಾಸ್ಟರಾಗಿದ್ದವರು, ಈಗಿಲ್ಲ. ಅತ್ತೆಗೆ ಕುಟುಂಬ ಪಿಂಚಣಿ ಬರುತ್ತದೆ. ಮೂರು ವರ್ಷದ ಹಿಂದೆ ಅತ್ತೆಗೆ ಅಲ್ಜೈಮರ್ ಎಂದು ಗೊತ್ತಾಯಿತು. ರಾತ್ರಿ ಮರೆವಿಗೆಂದು ಡೋನೆಪೆಜಿಲ್ ಮಾತ್ರೆ ಕೊಡುತ್ತೇವೆ, ಬಿಪಿ ಮಾತ್ರೆಯೂ ಇದೆ. ಸಂಜೆಯಾದರೆ ‘ಮನೆಗೆ ಹೋಗಬೇಕು’ ಎಂದು ಗೇಟು ಅಲುಗಾಡಿಸುತ್ತಾರೆ. ಸ್ನಾನಕ್ಕೆ ಕರೆದರೆ ಹೊಡೆಯುತ್ತಾರೆ. ಹತ್ತು ದಿನದಿಂದ ರಾತ್ರಿ ಮಲಗುತ್ತಲೇ ಇಲ್ಲ, ಗೋಡೆ ಮೇಲೆ ಇರುವೆ ಹರಿಯುತ್ತಿದೆ ಎನ್ನುತ್ತಾರೆ. ಮೆಡಿಕಲ್ ಶಾಪಿನವರು ಕೊಟ್ಟ ನಿದ್ದೆ ಮಾತ್ರೆಯಿಂದಲೂ ಉಪಯೋಗವಾಗಲಿಲ್ಲ. ನಾನು ನಡೆಸುತ್ತಿದ್ದ ಹೊಲಿಗೆ ಅಂಗಡಿ ಮುಚ್ಚಿದೆ. ಯಜಮಾನರು ಬೆಳಿಗ್ಗೆ ಹೋದರೆ ರಾತ್ರಿ ಬರುವುದು. ಮೈದುನ ನ್ಯೂಜೆರ್ಸಿಯಲ್ಲಿ, ನಾದಿನಿ ಬೆಂಗಳೂರಿನಲ್ಲಿ. ಮೈದುನ ‘ಅಮ್ಮನ ಹತ್ತಿರ ಒಂದು ಜಿಪಿಎ (ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆಸಿಬಿಡೋಣ’ ಎನ್ನುತ್ತಾರೆ. ನಾದಿನಿ ‘ಎರಡೆರಡು ತಿಂಗಳು ಸರದಿ ಮೇಲೆ ಇಟ್ಟುಕೊಳ್ಳೋಣ’ ಎನ್ನುತ್ತಾರೆ. ಆಶ್ರಮದ ಮಾತೆತ್ತಿದರೆ ಎಲ್ಲರೂ ಮುಖ ತಿರುಗಿಸುತ್ತಾರೆ. ಕಳೆದ ವಾರ ಸಿಟ್ಟಿನಲ್ಲಿ ಅತ್ತೆಯ ಕೈ ಬಿಗಿಯಾಗಿ ಹಿಡಿದೆ, ಮುಂಗೈ ಕಂದಿತು. ಅವತ್ತಿನಿಂದ ನನ್ನ ಮುಖ ನನಗೇ ನೋಡಿಕೊಳ್ಳಲಾಗುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ‘ಹತ್ತು ದಿನದಿಂದ’ ಎಂಬ ಮಾತು. ಅಲ್ಜೈಮರ್ ತಿಂಗಳು, ವರ್ಷಗಳ ಲೆಕ್ಕದಲ್ಲಿ ಇಳಿಯುವ ಕಾಯಿಲೆ. ಹತ್ತು ದಿನದಲ್ಲಿ ಇದ್ದಕ್ಕಿದ್ದಂತೆ ನಿದ್ದೆ ಕೆಟ್ಟು, ಇಲ್ಲದ ಇರುವೆ ಕಾಣತೊಡಗಿದರೆ ‘ಕಾಯಿಲೆ ಜಾಸ್ತಿಯಾಯಿತು’ ಎಂದು ಸುಮ್ಮನಿರಬಾರದು. ಮರೆವಿನ ಕಾಯಿಲೆಯ ಮೇಲೆ ಮತ್ತೇನೋ ಬಂದು ಕೂತಿರಬಹುದು. ವಯಸ್ಸಾದ ಹೆಂಗಸರಲ್ಲಿ ಬಹಳ ಸಲ ಅದು ಮೂತ್ರದ ಸೋಂಕು. ಜ್ವರ, ಉರಿ ಯಾವುದೂ ಇಲ್ಲದೆ ಬರೀ ಗೊಂದಲವಾಗಿಯೇ ಅದು ಕಾಣಿಸಿಕೊಳ್ಳಬಹುದು. ನಾಲ್ಕು ದಿನ ಮಲ ಕಟ್ಟಿದ್ದರೂ ಹೀಗಾಗುತ್ತದೆ, ನೀರು ಕಡಿಮೆ ಕುಡಿದರೂ ಆಗುತ್ತದೆ. ಕೆಲವು ಬಿಪಿ ಮಾತ್ರೆಗಳಿಂದ ರಕ್ತದಲ್ಲಿ ಸೋಡಿಯಂ ಇಳಿದರೂ ಆಗುತ್ತದೆ. ಹಲ್ಲುನೋವು, ಸೊಂಟನೋವು ಇದ್ದು ಹೇಳಲು ಬಾರದಿದ್ದರೂ ಆಗುತ್ತದೆ. ಇತ್ತೀಚೆಗೆ ಜಾರಿ ಬಿದ್ದು ತಲೆಗೆ ಪೆಟ್ಟಾಗಿದ್ದರೆ ಅದನ್ನೂ ವೈದ್ಯರಿಗೆ ಮರೆಯದೆ ಹೇಳಿ; ತಲೆಯೊಳಗೆ ನಿಧಾನವಾಗಿ ರಕ್ತ ಕಟ್ಟಿ ವಾರಗಳ ನಂತರ ಹೀಗೆ ಆಗುವುದುಂಟು. ಇವೆಲ್ಲಕ್ಕೂ ಚಿಕಿತ್ಸೆ ಇದೆ. ಹಾಗಾಗಿ ನಾಳೆಯೇ ಮೆಗ್ಗಾನ್ ಆಸ್ಪತ್ರೆಗೋ ನಿಮ್ಮ ವೈದ್ಯರ ಹತ್ತಿರವೋ ಕರೆದುಕೊಂಡು ಹೋಗಿ ಮೂತ್ರ ಪರೀಕ್ಷೆ, ಸೋಡಿಯಂ, ಸಕ್ಕರೆ ಇಷ್ಟಾದರೂ ಮಾಡಿಸಿ. ‘ಹತ್ತು ದಿನದಿಂದ ಬದಲಾಗಿದ್ದಾರೆ’ ಎಂದು ಒತ್ತಿ ಹೇಳಿ. ‘ಡಿಮೆನ್ಷಿಯಾ (ಮರೆವಿನ ಕಾಯಿಲೆ) ಅಲ್ವಾ, ಹೀಗೇ ಇರುತ್ತೆ’ ಎಂದು ಕಳಿಸಿದರೆ ಒಪ್ಪಿಕೊಂಡು ಬರಬೇಡಿ.

ನಿದ್ದೆ ಮಾತ್ರೆಯ ವಿಷಯ. ಮೆಡಿಕಲ್ ಶಾಪಿನಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು ಆಲ್‌ಪ್ರಜೊಲಾಮ್ ಎಂಬ ಆತಂಕ ತಗ್ಗಿಸುವ ಮಾತ್ರೆ, ಇಲ್ಲವೇ ಅಲರ್ಜಿಗೆ ಕೊಡುವ ಮಾತ್ರೆ. ಈ ವಯಸ್ಸಿನವರಿಗೆ ಎರಡೂ ಒಳ್ಳೆಯದಲ್ಲ. ಮೊದಲನೆಯದು ಕಾಲಿನ ಹಿಡಿತ ತಪ್ಪಿಸಿ ಬೀಳಿಸುತ್ತದೆ, ಎರಡನೆಯದು ಇರುವ ನೆನಪನ್ನೂ ಮಸುಕು ಮಾಡುತ್ತದೆ. ಆ ಸ್ಟ್ರಿಪ್ಪನ್ನು ವೈದ್ಯರಿಗೆ ತೋರಿಸಿ. ಎಷ್ಟು ದಿನ ಕೊಟ್ಟಿದ್ದೀರಿ ಎಂಬುದನ್ನು ನೋಡಿ ಹೇಗೆ ನಿಲ್ಲಿಸಬೇಕೆಂದು ಅವರು ಹೇಳುತ್ತಾರೆ. ಡೋನೆಪೆಜಿಲ್ ಬಗ್ಗೆಯೂ ಕೇಳಿ. ರಾತ್ರಿ ತೆಗೆದುಕೊಂಡರೆ ಕೆಲವರಿಗೆ ನಿದ್ದೆ ಕೆಡುತ್ತದೆ, ಕೆಟ್ಟ ಕನಸು ಬೀಳುತ್ತದೆ. ಅದನ್ನೇ ಬೆಳಿಗ್ಗೆ ತಿಂಡಿಯ ನಂತರಕ್ಕೆ ಬದಲಿಸಿದರೆ ಎಷ್ಟೋ ಮನೆಗಳಲ್ಲಿ ರಾತ್ರಿ ಶಾಂತವಾಗಿದೆ.

ಇನ್ನು ಆ ಕಂದಿದ ಮುಂಗೈ. ನಿಮ್ಮನ್ನು ಕೆಟ್ಟವರು ಎನ್ನಲು ನನಗೆ ಮನಸ್ಸು ಬರುವುದಿಲ್ಲ, ಆದರೆ ಇದನ್ನು ಹಗುರವಾಗಿ ಬಿಡುವುದಕ್ಕೂ ಆಗುವುದಿಲ್ಲ. ವಯಸ್ಸಾದವರ ಚರ್ಮ ತೆಳು, ಸ್ವಲ್ಪ ಒತ್ತಿದರೂ ಕಂದುತ್ತದೆ. ಆದರೂ ಅದು ನಿಮ್ಮ ಶಕ್ತಿ ಮುಗಿದಿದೆ ಎಂಬುದರ ಗುರುತು. ಮಲಗದೆ ಇರುವವರು ತಾಳ್ಮೆಯನ್ನು ಎಲ್ಲಿಂದ ತರುತ್ತಾರೆ? ಮತ್ತೆ ಸಿಟ್ಟು ಗಂಟಲಿಗೆ ಬಂದಾಗ ಅತ್ತೆಯನ್ನು ಬೀಳದ ಜಾಗದಲ್ಲಿ ಕೂರಿಸಿ ಹಿತ್ತಲಿಗೆ ಹೋಗಿಬಿಡಿ. ಐದು ನಿಮಿಷ ಸ್ನಾನ ತಡವಾದರೆ ಏನೂ ಆಗುವುದಿಲ್ಲ. ನಡೆದದ್ದನ್ನು ಯಜಮಾನರಿಗೆ ಬಾಯಿಬಿಟ್ಟು ಹೇಳಿ. ಹೇಳಲು ಮನೆಯಲ್ಲಿ ಯಾರೂ ಇಲ್ಲವೆನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ ಅದು, 2022ರಿಂದ ನಡೆಯುತ್ತಿದೆ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅದು ಕಾಯಿಲೆಯವರಿಗೆ ಮಾತ್ರ ಎಂದುಕೊಳ್ಳಬೇಡಿ, ನೋಡಿಕೊಳ್ಳುವವರಿಗೂ ಅದು ಇದೆ.

ಈಗ ನಾನು ಎಲ್ಲಕ್ಕಿಂತ ಮುಖ್ಯವೆಂದು ನಂಬಿರುವ ಮಾತಿಗೆ ಬರುತ್ತೇನೆ. ನಿಮ್ಮ ಮನೆಯಲ್ಲಿ ಅತ್ತೆಗೆ ಏನು ಮಾಡಬೇಕು ಎಂದು ಎಲ್ಲರೂ ಯೋಚಿಸುತ್ತಿದ್ದಾರೆ, ನೀವು ಯಾವಾಗ ಮಲಗುತ್ತೀರಿ ಎಂದು ಒಬ್ಬರೂ ಕೇಳಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತದೋ ಇಲ್ಲವೋ ಎಂಬುದು ಕೊನೆಗೆ ನಿಲ್ಲುವುದು ರಾತ್ರಿಯ ಮೇಲೆ. ಹಗಲೆಲ್ಲ ದುಡಿದವರು ರಾತ್ರಿ ಆರು ಗಂಟೆ ಮಲಗಿದರೆ ವರ್ಷಗಟ್ಟಲೆ ನೋಡಿಕೊಳ್ಳಬಲ್ಲರು, ಮಲಗದಿದ್ದರೆ ಎಷ್ಟೇ ಪ್ರೀತಿಯಿದ್ದರೂ ತಿಂಗಳಲ್ಲಿ ಕುಸಿಯುತ್ತಾರೆ. ಆದ್ದರಿಂದ ಮೊದಲ ಏರ್ಪಾಡು ಹೀಗಿರಲಿ: ವಾರದಲ್ಲಿ ಮೂರು ರಾತ್ರಿ ಅತ್ತೆಯ ಕೋಣೆಯಲ್ಲಿ ಯಜಮಾನರು ಮಲಗಲಿ, ನೀವು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ. ‘ಅವರಿಗೆ ಬೆಳಿಗ್ಗೆ ಕೆಲಸ ಇದೆ’ ಎಂದು ನೀವೇ ಅಡ್ಡ ಹೇಳುತ್ತೀರೆಂದು ಗೊತ್ತು. ನಿಮಗೂ ಬೆಳಿಗ್ಗೆ ಕೆಲಸ ಇದೆ.

ಇದನ್ನು ಕೇಳುವಾಗ ತಲೆ ತಗ್ಗಿಸಬೇಕಿಲ್ಲ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದೇ 2007ರಲ್ಲಿ ಬಂದ ಕಾಯ್ದೆ ‘ಮಕ್ಕಳು’ ಎಂದು ಹೇಳುವುದು ಮಗ, ಮಗಳು, ಮೊಮ್ಮಗ, ಮೊಮ್ಮಗಳನ್ನು. ಆ ಪಟ್ಟಿಯಲ್ಲಿ ಸೊಸೆ ಇಲ್ಲ. ಕಾನೂನಿನ ಹೊಣೆ ಇರುವುದು ನಿಮ್ಮ ಯಜಮಾನರು, ಮೈದುನ, ನಾದಿನಿ ಮೂವರ ಮೇಲೂ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿದರೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರವೂ ಆ ಕಾಯ್ದೆಯಲ್ಲಿದೆ. ನಿಮ್ಮ ಮನೆಯಲ್ಲಿ ಅಷ್ಟು ದೂರ ಹೋಗುವ ಪ್ರಮೇಯವಿಲ್ಲ. ಆದರೆ ನೀವು ಮಾಡುತ್ತಿರುವುದು ಯಾರ ಪಾಲಿನ ಕೆಲಸ ಎಂಬುದು ಆ ಮೂವರಿಗೂ ಗೊತ್ತಿರಲಿ.

ನಾದಿನಿ ಹೇಳುವ ಸರದಿಗೆ ನಾನು ಒಪ್ಪುವುದಿಲ್ಲ. ಮನಸ್ಸು ಒಳ್ಳೆಯದೇ, ಆದರೆ ಈ ಕಾಯಿಲೆಗೆ ಅದು ಹೊಂದುವುದಿಲ್ಲ. ನಿಮ್ಮ ಅತ್ತೆಗೆ ಇವತ್ತಿನ ತಾರೀಖು ಗೊತ್ತಿಲ್ಲದಿರಬಹುದು, ಆದರೆ ಕತ್ತಲಲ್ಲಿ ಬಚ್ಚಲಿಗೆ ಎಷ್ಟು ಹೆಜ್ಜೆ ಎಂದು ಕಾಲಿಗೆ ಗೊತ್ತು, ದೇವರ ಮನೆ ಯಾವ ಕಡೆ ಎಂದು ಗೊತ್ತು. ಬೆಂಗಳೂರಿನ ಫ್ಲ್ಯಾಟಿಗೆ ಹೋದ ರಾತ್ರಿಯೇ ಅದೆಲ್ಲ ಹೋಗುತ್ತದೆ. ಹೊಸ ಜಾಗಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಮತ್ತೆ ಗಂಟು ಕಟ್ಟಿ ಹೊರಡಿಸಬೇಕು. ಹೀಗೆ ಸರದಿಯಲ್ಲಿ ಓಡಾಡಿಸಿದ ಎಷ್ಟೋ ಹಿರಿಯರು ಬಿದ್ದು ಸೊಂಟ ಮುರಿದುಕೊಂಡು ನನ್ನ ಹತ್ತಿರ ಬಂದಿದ್ದಾರೆ. ಸರದಿ ಇರಲಿ, ಆದರೆ ಓಡಾಡಬೇಕಾದವರು ಮಕ್ಕಳು. ನಾದಿನಿ ಎರಡು ತಿಂಗಳಿಗೊಮ್ಮೆ ಹತ್ತು ದಿನ ಶಿವಮೊಗ್ಗಕ್ಕೆ ಬಂದು ಇರಲಿ. ಆ ಹತ್ತು ದಿನ ನೀವು ತವರಿಗೆ ಹೋಗಿ. ಅವರು ಬಂದಾಗ ನೀವೂ ಅಲ್ಲೇ ಇದ್ದು ಇಬ್ಬರಿಗೂ ಅಡುಗೆ ಮಾಡುವಂತಾದರೆ ಉಪಯೋಗವಿಲ್ಲ.

ಮೈದುನನಿಂದ ದುಡ್ಡು ಕೇಳಿ, ಜೊತೆಗೆ ಸಮಯವನ್ನೂ ಕೇಳಿ. ಅತ್ತೆ ಗೇಟು ಹಿಡಿಯುವ ಸಂಜೆ ಆರು ಗಂಟೆಗೆ ನ್ಯೂಜೆರ್ಸಿಯಲ್ಲಿ ಬೆಳಗಿನ ಏಳೂವರೆ, ಎಂಟೂವರೆ. ದಿನಾ ಆ ಹೊತ್ತಿಗೆ ಕಾಫಿ ಕುಡಿಯುತ್ತಾ ಅವರು ವಿಡಿಯೊ ಕರೆ ಮಾಡಲಿ. ಹಳೆಯ ಫೋಟೊ ತೋರಿಸಲಿ, ಅಮ್ಮನ ಹತ್ತಿರ ಒಂದು ದೇವರನಾಮ ಹೇಳಿಸಲಿ. ಇಪ್ಪತ್ತು ನಿಮಿಷ ನೀವು ಒಲೆಯ ಮುಂದೆ ನೆಮ್ಮದಿಯಾಗಿ ನಿಲ್ಲಬಹುದು. ಔಷಧಿ ಆರ್ಡರ್, ವಿದ್ಯುತ್ ಬಿಲ್ಲು, ವಿಮೆ ಕಂಪನಿಯವರೊಂದಿಗಿನ ಮಾತು, ವೈದ್ಯರ ಆನ್‌ಲೈನ್ ಅಪಾಯಿಂಟ್‌ಮೆಂಟ್ ಎಲ್ಲವನ್ನೂ ಅಲ್ಲಿಂದಲೇ ಅವರು ನೋಡಿಕೊಳ್ಳಬಹುದು.

ಕೆಲಸಕ್ಕೆ ಜನ ಇಟ್ಟುಕೊಳ್ಳುವುದಾದರೆ ಮೊದಲು ರಾತ್ರಿ ಪಾಳಿಗೆ ಹುಡುಕಿ. ಹೆಚ್ಚಿನವರು ಹಗಲಿಗೆ ಇಟ್ಟುಕೊಂಡು ರಾತ್ರಿ ತಾವೇ ಎದ್ದಿರುತ್ತಾರೆ, ಅದು ತಲೆಕೆಳಗಾದ ಲೆಕ್ಕ. ಹೋಂ ನರ್ಸ್ ಏಜೆನ್ಸಿಯಾದರೆ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ: ಬರುವವರು ತರಬೇತಾದ ನರ್ಸೋ ಸಹಾಯಕಿಯೋ, ಮರೆವಿನ ಕಾಯಿಲೆಯವರನ್ನು ಮೊದಲು ನೋಡಿಕೊಂಡಿದ್ದಾರೋ, ರಜೆ ಹಾಕಿದ ದಿನ ಬದಲಿ ಕಳಿಸುತ್ತಾರೋ, ಮುಂಗಡ ವಾಪಸ್ ಬರುತ್ತದೋ, ಪೊಲೀಸ್ ಪರಿಶೀಲನೆ ಆಗಿದೆಯೋ. ನಿಮ್ಮ ಅತ್ತೆಗೆ ಚುಚ್ಚುಮದ್ದು, ನಳಿಕೆ ಏನೂ ಇಲ್ಲವಾದ್ದರಿಂದ ನರ್ಸ್ ಬೇಕಿಲ್ಲ. ಶಿವಮೊಗ್ಗದಂಥ ಊರಿನಲ್ಲಿ ನಿಮ್ಮದೇ ಬೀದಿಯ, ಸಮಾಧಾನದ ಸ್ವಭಾವದ ಒಬ್ಬ ಹೆಂಗಸು ಏಜೆನ್ಸಿಯವರಿಗಿಂತ ಚೆನ್ನಾಗಿ ನಿಭಾಯಿಸಬಹುದು. ಸಂಬಳ, ವಾರದ ರಜೆ, ಊಟ, ಮಲಗುವ ಜಾಗ ಎಲ್ಲವನ್ನೂ ಮೊದಲ ದಿನವೇ ಮಾತಾಡಿ ಬರೆದಿಡಿ. ಅತ್ತೆಯ ಬಳೆ, ಸರ ತೆಗೆದು ಒಳಗಿಡಿ. ‘ನನ್ನ ಬಳೆ ಕದ್ದಳು’ ಎಂಬ ಮಾತು ಈ ಕಾಯಿಲೆಯಲ್ಲಿ ಬರುವುದು ಸಾಮಾನ್ಯ. ಆ ಬಡ ಹೆಂಗಸಿನ ಮೇಲೆ ಸುಳ್ಳು ಅಪವಾದ ಬರಬಾರದು. ಮೊದಲ ವಾರ ನೀವೂ ಜೊತೆಗಿದ್ದು ಅತ್ತೆಗೆ ಆ ಮುಖದ ರೂಢಿ ಮಾಡಿಸಿ.

ಸ್ನಾನದ ಜಗಳಕ್ಕೆ ಒಂದು ದಾರಿ ಹೇಳುತ್ತೇನೆ. ಅತ್ತೆ ಹೊಡೆಯುವುದು ದ್ವೇಷದಿಂದಲ್ಲ, ಹೆದರಿ. ಯಾರೋ ಬಂದು ಸೀರೆ ಬಿಚ್ಚುತ್ತಿದ್ದಾರೆ ಎಂದು ಅವರಿಗೆ ಅನಿಸುತ್ತದೆ. ತಲೆಯ ಮೇಲೆ ಒಮ್ಮೆಲೇ ನೀರು ಬಿದ್ದರೆ ಉಸಿರು ಕಟ್ಟಿದಂತಾಗುತ್ತದೆ. ಬಚ್ಚಲನ್ನು ಮೊದಲೇ ಬೆಚ್ಚಗೆ ಮಾಡಿ, ದೀಪ ಹಾಕಿ, ಕೂರಲು ಪ್ಲಾಸ್ಟಿಕ್ ಕುರ್ಚಿ ಇಡಿ, ನೆಲಕ್ಕೆ ಜಾರದ ಮ್ಯಾಟ್ ಹಾಸಿ. ಮೈಮೇಲೆ ಒಂದು ತೆಳು ಟವೆಲ್ಲೋ ಹಳೆಯ ನೈಟಿಯೋ ಇರಲಿ, ಅದರ ಮೇಲೆಯೇ ನೀರು ಹಾಕಬಹುದು. ಪಾದದಿಂದ ಶುರು ಮಾಡಿ: ಒಂದು ತಂಬಿಗೆ ಪಾದಕ್ಕೆ, ಇನ್ನೊಂದು ಮೊಣಕಾಲಿಗೆ, ಆಮೇಲೆ ಕೈಗೆ. ತಂಬಿಗೆಯನ್ನು ಅವರ ಕೈಗೇ ಕೊಡಿ. ಎಂಬತ್ತು ವರ್ಷದ ಅಭ್ಯಾಸ ಕೈಯಲ್ಲಿರುತ್ತದೆ, ತಾವೇ ಸುರಿದುಕೊಳ್ಳುತ್ತಾರೆ. ‘ಸ್ನಾನ ಮಾಡಿ’ ಎನ್ನುವುದಕ್ಕಿಂತ ‘ಶುಕ್ರವಾರ, ಎಣ್ಣೆ ಹಚ್ಚಲಾ?’ ಎಂದರೆ ಬರುವವರಿದ್ದಾರೆ. ಒಪ್ಪದ ದಿನ ಬಿಟ್ಟುಬಿಡಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ದಿನಾ ಸ್ನಾನ ಆಗಲೇಬೇಕು ಎಂಬ ಮಡಿಯನ್ನು ಈ ಮನೆಯಲ್ಲಿ ಸ್ವಲ್ಪ ಸಡಿಲಿಸಿ.

ಸಂಜೆ ‘ಮನೆಗೆ ಹೋಗಬೇಕು’ ಎಂದಾಗ ‘ಇದೇ ನಿಮ್ಮ ಮನೆ’ ಎಂದು ವಾದಿಸಬೇಡಿ. ಅವರು ಕೇಳುತ್ತಿರುವುದು ಸಣ್ಣವರಿದ್ದಾಗಿನ ಮನೆ ಇರಬಹುದು, ಅಲ್ಲಿ ಅಮ್ಮ ಕಾಯುತ್ತಿರಬಹುದು. ‘ಹೌದಾ, ಯಾರಿದ್ದಾರೆ ಅಲ್ಲಿ?’ ಎಂದು ಕೇಳಿ. ಚಪ್ಪಲಿ ಹಾಕಿಸಿ ಬೀದಿ ತುದಿಯವರೆಗೆ ಕರೆದುಕೊಂಡು ಹೋಗಿ ಬನ್ನಿ. ವಾಪಸ್ ಬರುವಾಗ ಇದೇ ಗೇಟು ಮನೆಯ ಗೇಟಾಗಿರುತ್ತದೆ. ಕತ್ತಲಾಗುವ ಮೊದಲೇ ಎಲ್ಲ ಕೋಣೆಯ ದೀಪ ಹಾಕಿ. ನೆರಳು ಕಂಡಷ್ಟೂ ಅವರಿಗೆ ದಿಗಿಲು. ಒಬ್ಬರನ್ನೇ ಒಳಗಿಟ್ಟು ಹೊರಗಿನಿಂದ ಬೀಗ ಮಾತ್ರ ಹಾಕಬೇಡಿ. ಗೇಟಿಗೆ ಅವರ ಕಣ್ಣಿಗೆ ಬೀಳದ ಎತ್ತರದಲ್ಲಿ ಇನ್ನೊಂದು ಚಿಲಕ ಇರಲಿ. ಹಾಲಿನವರಿಗೆ, ಆಟೊ ಸ್ಟ್ಯಾಂಡಿನವರಿಗೆ ಅವರ ಮುಖ ಗೊತ್ತಿರಲಿ. ಫೋನ್ ನಂಬರು ಬರೆದ ಬಿಲ್ಲೆ ಕೊರಳ ದಾರದಲ್ಲಿರಲಿ. ಕಾಣೆಯಾದರೆ ಗಂಟೆಗಟ್ಟಲೆ ನೀವೇ ಹುಡುಕುತ್ತಾ ಕೂರದೆ ತಕ್ಷಣ 112ಕ್ಕೆ ಕರೆ ಮಾಡಿ.

ಎಲ್ಲಿ ಸಹಾಯ ಸಿಗುತ್ತದೆ? ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಎಂಬ ಕಾರ್ಯಕ್ರಮ ನಡೆಸುತ್ತಿದೆ. ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಮೆದುಳಿನ ಆರೋಗ್ಯದ ಕ್ಲಿನಿಕ್ ತೆರೆಯುವುದು ಅದರ ಕೆಲಸ. ಯಾವ ವಾರ, ಯಾವ ಕೊಠಡಿ ಎಂದು ಮೆಗ್ಗಾನ್‌ನ ಹೊರರೋಗಿ ವಿಭಾಗದಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಮನೋವೈದ್ಯ ವಿಭಾಗವಿದೆ. ಒಮ್ಮೆ ಕರೆದುಕೊಂಡು ಹೋದರೆ ಸಾಕು, ಪ್ರತಿ ತಿಂಗಳು ಬಸ್ಸಿನಲ್ಲಿ ಕೂರಿಸಿ ಹೋಗುವುದು ಬೇಡ. ಅಲ್ಜೈಮರ್ ಕುಟುಂಬಗಳಿಗಾಗಿ 1992ರಲ್ಲಿ ಕೇರಳದಲ್ಲಿ ಹುಟ್ಟಿದ ಎಆರ್‌ಡಿಎಸ್‌ಐ ಎಂಬ ಸಂಸ್ಥೆಗೆ ಬೆಂಗಳೂರಿನಲ್ಲೂ ಶಾಖೆಯಿದೆ. ಬೆಂಗಳೂರಿನ ಡಿಮೆನ್ಷಿಯಾ ಇಂಡಿಯಾ ಅಲಯನ್ಸ್ ಕೂಡ ನೋಡಿಕೊಳ್ಳುವವರನ್ನು ಆನ್‌ಲೈನ್‌ನಲ್ಲಿ ಸೇರಿಸುತ್ತದೆ. ತಿಂಗಳಿಗೊಮ್ಮೆ ಅಲ್ಲಿ ಕೂತು ಕೇಳಿ. ನಿಮ್ಮ ಹಾಗೆಯೇ ಕೈ ಹಿಡಿದು ಆಮೇಲೆ ಅತ್ತವರು ಅಲ್ಲಿ ಬಹಳ ಜನ ಸಿಗುತ್ತಾರೆ. 2023ರಲ್ಲಿ ಪ್ರಕಟವಾದ ದೇಶದ ದೊಡ್ಡ ಅಧ್ಯಯನವೊಂದರ ಪ್ರಕಾರ ಅರವತ್ತು ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಅಷ್ಟೂ ಮನೆಗಳಲ್ಲಿ ಯಾರೋ ಒಬ್ಬರು ನಿಮ್ಮಂತೆ ಎದ್ದಿದ್ದಾರೆ. ಹಿರಿಯರ ಯೋಜನೆ, ಆಶ್ರಮ, ಕಾನೂನು ಇಂಥದ್ದಕ್ಕೆ 14567 ಎಲ್ಡರ್‌ಲೈನ್ ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ.

ಜಿಪಿಎ ವಿಷಯದಲ್ಲಿ ಮೈದುನನಿಗೆ ಸ್ಪಷ್ಟವಾಗಿ ಹೇಳಿ: ಈಗ ಬೇಡ. ಬರೆದುಕೊಡುವವರಿಗೆ ತಾವು ಏನು ಬರೆದುಕೊಡುತ್ತಿದ್ದೇವೆಂದು ಅರ್ಥವಾಗಬೇಕು. ನೀವು ಬರೆದಿರುವ ಸ್ಥಿತಿಯಲ್ಲಿ ಹಾಕಿಸಿದ ಹೆಬ್ಬೆಟ್ಟಿಗೆ ಬೆಲೆಯಿಲ್ಲ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಚೆನ್ನಾಗಿದ್ದಾಗ ಬರೆದುಕೊಟ್ಟ ಜಿಪಿಎ ಕೂಡ, ಕೊಟ್ಟವರ ಬುದ್ಧಿ ಸ್ಥಿಮಿತದಲ್ಲಿ ಇಲ್ಲದಾದಾಗ ನಮ್ಮ ಕಾನೂನಿನಲ್ಲಿ ರದ್ದಾಗುತ್ತದೆ. ಅತ್ತೆಯ ಹೆಸರಿನ ಆಸ್ತಿಯನ್ನು ಅವರ ಚಿಕಿತ್ಸೆಗೆಂದೇ ಬಳಸಬೇಕಾಗಿ ಬಂದರೆ, ಪಾಲಕರನ್ನು ನೇಮಿಸುವಂತೆ ಹೈಕೋರ್ಟಿಗೆ ಹೋಗುವ ದಾರಿಯಿದೆ; ವಕೀಲರನ್ನು ಕೇಳಿ. ಈ ಉತ್ತರ ಓದುತ್ತಿರುವವರಲ್ಲಿ ಯಾರ ಮನೆಯಲ್ಲಾದರೂ ಮರೆವು ಈಗಷ್ಟೇ ಶುರುವಾಗಿದ್ದರೆ, ಹಿರಿಯರಿಗೆ ಇನ್ನೂ ತಿಳಿವಳಿಕೆ ಇರುವಾಗಲೇ ವೈದ್ಯರ ಪ್ರಮಾಣಪತ್ರದೊಂದಿಗೆ ಇಬ್ಬರು ಸಾಕ್ಷಿಗಳ ಮುಂದೆ ಉಯಿಲು ಬರೆಯಲಿ, ಬ್ಯಾಂಕ್ ಖಾತೆ, ನಾಮಿನಿ ಸರಿಮಾಡಿಕೊಳ್ಳಲಿ.

ಪಿಂಚಣಿಗೆ ನವೆಂಬರಿನಲ್ಲಿ ಕೊಡಬೇಕಾದ ಜೀವಂತ ಪ್ರಮಾಣಪತ್ರಕ್ಕಾಗಿ ಅತ್ತೆಯನ್ನು ಬ್ಯಾಂಕಿಗೆ ಎಳೆದುಕೊಂಡು ಹೋಗಬೇಡಿ. 70 ದಾಟಿದವರ ಮನೆಗೇ ಬಂದು ಇಂಥ ಸೇವೆ ಕೊಡಿ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಶಾಖೆಗೆ ಲಿಖಿತವಾಗಿ ಕೊಡಿ. ಇನ್ನು ಡಿಮೆನ್ಷಿಯಾದಿಂದ ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಎಂದು ಪ್ರಮಾಣೀಕರಣವಾಗಿದ್ದು, ಯಜಮಾನರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, ತಾಯಿಯ ಚಿಕಿತ್ಸೆಯ ಖರ್ಚಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆದಾಯದಲ್ಲಿ ಕಡಿತ ಸಿಗುತ್ತದೆ.

ಕೊನೆಗೆ ಆಶ್ರಮದ ಮಾತು. ಸಾಮಾನ್ಯ ವೃದ್ಧಾಶ್ರಮ ಬೇರೆ, ಡಿಮೆನ್ಷಿಯಾ ಆರೈಕೆಯ ಕೇಂದ್ರ ಬೇರೆ. ಮೊದಲನೆಯವರಲ್ಲಿ ಹೆಚ್ಚಿನವರು ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಮರೆವಿನ ಕಾಯಿಲೆ ಮುಚ್ಚಿಟ್ಟು ಸೇರಿಸಿದರೆ ತಿಂಗಳೊಳಗೆ ವಾಪಸ್ ಕಳಿಸುತ್ತಾರೆ. ಎರಡನೆಯ ಬಗೆಯವು ಕಡಿಮೆ, ದುಬಾರಿ, ಹೆಚ್ಚಾಗಿ ಬೆಂಗಳೂರಿನಲ್ಲಿವೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಕಸ್ತೂರಿನಗರದಲ್ಲಿ ತೆರೆದ ಕೇಂದ್ರ ಅಂಥದ್ದು. ಇಂಥ ಕಡೆ ಕಾಯಂ ಆಗಿ ಬಿಡುವುದಲ್ಲದೆ ಕೆಲವು ವಾರಗಳ ಮಟ್ಟಿಗೆ ಇರಿಸಿಕೊಳ್ಳುತ್ತಾರೋ ಎಂದೂ ಕೇಳಬಹುದು. ಜಾಗ ಬದಲಾದರೆ ಅತ್ತೆಗೆ ಗೊಂದಲ ಎಂದು ಮೇಲೆ ನಾನೇ ಹೇಳಿದ್ದೇನೆ. ಆದರೆ ನೀವು ಆಸ್ಪತ್ರೆ ಸೇರುವ ಸ್ಥಿತಿ ಬಂದರೆ ಆ ಗೊಂದಲವನ್ನು ಸಹಿಸಬೇಕಾಗುತ್ತದೆ.

ಸೋಂಕಿದ್ದರೆ ಅದಕ್ಕೆ ಚಿಕಿತ್ಸೆ ಆಗಿ, ಮಾತ್ರೆ ಸರಿಪಡಿಸಿ, ರಾತ್ರಿಗೆ ಜನ ಇಟ್ಟು, ಮೂರು ತಿಂಗಳು ಎಲ್ಲರೂ ತಮ್ಮ ಪಾಲು ಮಾಡಿದ ಮೇಲೂ ನಿಮಗೆ ನಿದ್ದೆಯಿಲ್ಲ, ಇಲ್ಲವೇ ಮತ್ತೊಮ್ಮೆ ಅವರ ಮೇಲೆ ಕೈ ಬಿಗಿಯಾಯಿತು ಎಂದಾದರೆ, ಆಗ ಆರೈಕೆ ಕೇಂದ್ರವೇ ಸರಿಯಾದ ದಾರಿ. ಅದರಲ್ಲಿ ಪಾಪವಿಲ್ಲ ಎಂದು ವೈದ್ಯೆಯಾಗಿ ನಾನು ಬರೆದುಕೊಡುತ್ತೇನೆ. ಮುಖ ತಿರುಗಿಸುವವರಿಗೆ ಇದನ್ನೇ ಓದಿ ಹೇಳಿ. ನೋಡಲು ಹೋಗುವಾಗ ಮೊದಲೇ ಹೇಳದೆ ಊಟದ ಹೊತ್ತಿಗೆ ಹೋಗಿ. ತುತ್ತು ಬಾಯಿಗಿಡುವವರು ಅವಸರ ಮಾಡುತ್ತಾರೋ ನೋಡಿ. ಯಾರನ್ನಾದರೂ ಕುರ್ಚಿಗೆ ಕಟ್ಟಿದ್ದಾರೋ ನೋಡಿ. ರಾತ್ರಿ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ, ಬಿದ್ದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ಮನೆಯವರು ಯಾವಾಗ ಬೇಕಾದರೂ ಬರಬಹುದೋ ಎಂದು ಕೇಳಿ. ಠೇವಣಿ ವಾಪಸಿನ ನಿಯಮವನ್ನು ಬರಹದಲ್ಲಿ ಪಡೆದುಕೊಳ್ಳಿ. ಆ ಕಾಗದಕ್ಕೆ ನಿಮ್ಮದಲ್ಲ, ಆ ಮೂವರು ಮಕ್ಕಳ ಸಹಿ ಇರಲಿ.